ಸಂಶೋಧನೆಯ ಇಂಗ್ಲಿಷು ಮತ್ತು ಗಡಿನಾಡಿನ ಕನ್ನಡ ವಿದ್ಯಾರ್ಥಿ

ಸಂಜೆ ಮಂಗಳೂರಿನಿಂದ ಹೊರಡುವ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ಸನ್ನು ಕಾಸರಗೋಡಿನಲ್ಲಿ ಹತ್ತಿದವನು ಬೆಳಗಾಗುವ ಮುನ್ನ ಎರ್ನಾಕುಳವನ್ನು ದಾಟಿ, ಮುಂದೆ ತಿರುವನಂತಪುರವನ್ನು ಸೇರುತ್ತಾನೆ. ಹೀಗೆ ಹೋಗುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಅನಂತರ ಉನ್ನತ ವ್ಯಾಸಂಗಕ್ಕಾಗಿ ದಕ್ಷಿಣದ ವಿಶ್ವವಿದ್ಯಾನಿಲಯಗಳನ್ನು ಆಶ್ರಯಿಸಿದ ಹುಡುಗ ಹುಡುಗಿಯರೂ ಇರುತ್ತಾರೆ. ಕೊಚ್ಚಿಗೆ ಹೋಗುವವರು ಕಳಮಶ್ಶೇರಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾನಿಲಯಕ್ಕೆ, ತಿರುವನಂತಪುರಕ್ಕೆ ಹೋಗುವವರು ಕಾರ್ಯವಟ್ಟದ ಆವರಣಕ್ಕೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸು, ಕಚೇರಿ, ವಿದ್ಯಾರ್ಥಿನಿಲಯಗಳಲ್ಲಿ ಮಲೆಯಾಳ, ಮಹಾಪ್ರಬಂಧಕ್ಕೆ ಇಂಗ್ಲಿಷು. ಇಷ್ಟು ಭಾಷೆಗಳ ನಡುವೆ ಬೆಳೆದವನಿಗೆ ಭಾಷೆಯ ಬಡತನವಿದೆಯೆಂದು ಹೇಳಲು ಯಾರಿಗೂ ಬಾಯಿ ಬಾರದು. ಆದರೂ ಮೊದಲ ಅಧ್ಯಾಯದ ಕರಡು ಮಾರ್ಗದರ್ಶಕರ ಮೇಜಿನಿಂದ ಮರಳಿ ಬಂದಾಗ ಅದರ ಮೇಲೆ ಇರುವ ಷರಾ ಬಹುಮಟ್ಟಿಗೆ ಒಂದೇ: ಭಾಷೆಯನ್ನು ಸುಧಾರಿಸತಕ್ಕದ್ದು.

ಅಂಥ ಕರಡೊಂದನ್ನು ವಿದ್ಯಾರ್ಥಿನಿಯೊಬ್ಬಳು ಓಣಂ ರಜೆಯಲ್ಲಿ ಊರಿಗೆ ಬಂದಾಗ ನನ್ನ ಮುಂದೆ ತಂದಿಟ್ಟಳು. ಬೀಡಿ ಕಟ್ಟುವ ಹೆಂಗಸರ ದುಡಿಮೆಯನ್ನು ಕುರಿತ ಅಧ್ಯಯನ. ವಿಷಯ ಆಕೆಯದೇ; ತಾಯಿ, ಅಜ್ಜಿ ಇಬ್ಬರೂ ಬೀಡಿ ಕಟ್ಟಿದವರು. ಸಂಗ್ರಹಿಸಿದ ಮಾಹಿತಿ ಅಮೂಲ್ಯವಾದದ್ದು. ಪುಟಗಳ ಅಂಚಿನಲ್ಲಿ ಮಾತ್ರ ಕೆಂಪು ಶಾಯಿ ತುಂಬಿತ್ತು. "ಇಂಗ್ಲಿಷ್ ಗ್ರಾಮರ್ ಪುಸ್ತಕ ಎರಡು ಸಲ ಓದಿ ಮುಗಿಸಿದೆ ಸರ್, ಆದರೂ ಪುನಃ ಅದೇ ತಪ್ಪು ಆಗ್ತದೆ. ನನಗೆ ಇದು ಆಗುವುದಿಲ್ಲವೋ ಏನೋ" ಎಂದಳು. ಆಗುವುದಿಲ್ಲ ಎಂಬ ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಆ ಪುಟಗಳನ್ನು ಮನೆಗೆ ಒಯ್ದು ನಿಧಾನವಾಗಿ ಓದಿದಾಗ ನನಗೆ ಕಂಡದ್ದು ವ್ಯಾಕರಣದ ಅಜ್ಞಾನವಲ್ಲ. ಅದು ಒಂದು ವ್ಯಾಕರಣದ ಗಾಢ ಜ್ಞಾನ. ಆ ವ್ಯಾಕರಣ ಕನ್ನಡದ್ದಾಗಿತ್ತು, ಅಷ್ಟೆ.

ಈ ಲೇಖನದಲ್ಲಿ ನಾನು ಪ್ರತಿಪಾದಿಸಲು ಬಯಸುವ ವಿಚಾರ ಇದು: ಕನ್ನಡದಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ಸಂಶೋಧನೆಯ ಇಂಗ್ಲಿಷನ್ನು ಕಲಿಸುವ ಹೊಣೆಯಲ್ಲಿ ಅರ್ಧಪಾಲು ಕನ್ನಡ ವಿಭಾಗಗಳದ್ದು. ಇಂಗ್ಲಿಷ್ ವಿಭಾಗಗಳು ತಮ್ಮ ಪಾಲನ್ನು ಎಷ್ಟು ಚೆನ್ನಾಗಿ ನಿರ್ವಹಿಸಿದರೂ ನಮ್ಮ ಪಾಲು ಉಳಿದೇ ಇರುತ್ತದೆ. ಈ ಮಾತು ಕೆಲವರಿಗೆ ವಿಚಿತ್ರವೆಂದೂ ಕೆಲವರಿಗೆ ದ್ರೋಹವೆಂದೂ ತೋರಬಹುದು. ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರಲ್ಲಿ ಕಾಸರಗೋಡಿನ ಸರಕಾರಿ ಕಾಲೇಜು ಆರಂಭವಾಯಿತು. ಅದುವರೆಗೆ ಮದರಾಸಿನತ್ತ ಮುಖ ಮಾಡಿದ್ದ ಇಲ್ಲಿನ ವಿದ್ಯಾಭ್ಯಾಸ ತಿರುವನಂತಪುರದ ಕಡೆಗೆ ತಿರುಗಿತು; 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ, 2009ರಲ್ಲಿ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯ ಬಂದವು. ಕನ್ನಡದಲ್ಲಿ ಸ್ನಾತಕೋತ್ತರ ವ್ಯಾಸಂಗ, ಸಂಶೋಧನೆಗಳಿಗೆ ಇಲ್ಲಿಯೇ ಅವಕಾಶವಾದದ್ದು ಸಂತೋಷದ ಸಂಗತಿ. ಆದರೆ ಕನ್ನಡವನ್ನು ವಿಷಯವಾಗಿ ಆರಿಸಿಕೊಳ್ಳದ ಕನ್ನಡಿಗ, ಅಂದರೆ ಅರ್ಥಶಾಸ್ತ್ರವನ್ನೋ ಸಾಗರವಿಜ್ಞಾನವನ್ನೋ ಕಾನೂನನ್ನೋ ಆರಿಸಿಕೊಂಡವನು, ನಮ್ಮ ಲೆಕ್ಕದಿಂದ ಹೊರಗೇ ಉಳಿದ. 1969ರ ರಾಜಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿತು. ಆ ಹಕ್ಕಿಗಾಗಿ ನಾವು ಹೋರಾಡಿದ್ದೇವೆ, ಇನ್ನೂ ಹೋರಾಡಬೇಕಾಗಿದೆ. ಆದರೆ ತಿರುವನಂತಪುರದ ಪರೀಕ್ಷಕರ ಮುಂದೆ ಮಹಾಪ್ರಬಂಧವನ್ನು ಇಟ್ಟುಕೊಂಡು ನಿಂತವನಿಗೆ ಆ ಶಾಸನ ಯಾವ ನೆರವನ್ನೂ ನೀಡದು.

ಇನ್ನು ಆ ಕೆಂಪು ಶಾಯಿಯ ವಿಚಾರ. ಕನ್ನಡದಲ್ಲಿ ವಿಶೇಷಣವೆಲ್ಲ ನಾಮಪದದ ಹಿಂದೆ ಬಂದು ಕೂಡಿಕೊಳ್ಳುತ್ತದೆ. "ಎಲೆ ಕೊಡುವ ಗುತ್ತಿಗೆದಾರರು ಸಾವಿರ ಬೀಡಿಗೆ ಇಷ್ಟೆಂದು ಗೊತ್ತುಮಾಡಿದ ಕೂಲಿ" ಎಂಬುದು ನಮ್ಮ ಕಿವಿಗೆ ಸಹಜವಾದ ರಚನೆ. ಕೃದಂತಗಳು ಒಂದರ ಮೇಲೊಂದು ಬಂದರೂ ಓದುಗನಿಗೆ ತೊಡಕಿಲ್ಲ. ಕೊನೆಗೆ 'ಕೂಲಿ' ಬರುತ್ತದೆಂಬ ಭರವಸೆಯಿಂದ ಕಾಯುತ್ತಾನೆ. ಇಂಗ್ಲಿಷಿನ ಓದುಗ ಕಾಯುವುದಿಲ್ಲ. ಅವನಿಗೆ ಕೂಲಿ ಮೊದಲು ಬರಬೇಕು, ಅದರ ವಿವರ ಆಮೇಲೆ. ನಮ್ಮ ವಿದ್ಯಾರ್ಥಿನಿ 'ಲೀವ್ಸ್ ಗಿವಿಂಗ್ ಕಾಂಟ್ರ್ಯಾಕ್ಟರ್ಸ್' ಎಂದು ಬರೆದಿದ್ದಳು. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿತ್ತು. ಅದು ತಪ್ಪೆಂದು ಆಕೆಗೆ ಗೊತ್ತಾಯಿತು. ಏಕೆ ತಪ್ಪೆಂಬುದು ಗೊತ್ತಾಗಲಿಲ್ಲ. ಕನ್ನಡದ ಕೃದಂತ ವಿಶೇಷಣವು ಇಂಗ್ಲಿಷಿನಲ್ಲಿ ನಾಮಪದವನ್ನು ದಾಟಿ ಅದರ ಆಚೆಗೆ ಹೋಗಿ ಕೂರುತ್ತದೆ ಎಂಬ ಒಂದೇ ಮಾತನ್ನು ಯಾರಾದರೂ ಹೇಳಿದ್ದರೆ ಹತ್ತು ಪುಟಗಳ ತಪ್ಪು ಒಮ್ಮೆಗೇ ತಿದ್ದಿಹೋಗುತ್ತಿತ್ತು. ಆ ಮಾತನ್ನು ಹೇಳಬೇಕಾದವನಿಗೆ ಎರಡು ಭಾಷೆಗಳ ವಾಕ್ಯರಚನೆಯೂ ತಿಳಿದಿರಬೇಕು. ತಿರುವನಂತಪುರದ ಇಂಗ್ಲಿಷ್ ಅಧ್ಯಾಪಕರಿಗೆ ಕನ್ನಡ ಬಾರದಿದ್ದರೆ ಅದು ಅವರ ಅಪರಾಧವಲ್ಲ.

ಹಾಗೆಯೇ ನಮ್ಮ ಭೂತಕೃದಂತ ಅವ್ಯಯಗಳು: ಹೋಗಿ, ನೋಡಿ, ಕೇಳಿ, ಬರೆದು, ಹೋಲಿಸಿ. ಕನ್ನಡದ ಒಂದು ವಾಕ್ಯದಲ್ಲಿ ಐದು ಕೆಲಸಗಳು ನಡೆದು ಒಂದೇ ಕ್ರಿಯಾಪದದಲ್ಲಿ ನಿಲ್ಲಬಹುದು. ಇಂಗ್ಲಿಷಿಗೆ ಬಂದಾಗ ಅವೆಲ್ಲ 'ಹ್ಯಾವಿಂಗ್ ಗಾನ್, ಹ್ಯಾವಿಂಗ್ ಸೀನ್' ಎಂದು ಸರಣಿಯಾಗಿ ನಿಲ್ಲುತ್ತವೆ. ಯಾವುದು ಮುಖ್ಯ ಯಾವುದು ಅಮುಖ್ಯ ಎಂಬುದು ಅಳಿಸಿಹೋಗುತ್ತದೆ.

ಕೆಂಪು ಶಾಯಿಗೆ ಅತಿ ಹೆಚ್ಚು ಆಹಾರವಾಗುವುದು 'ಎ', 'ದಿ'ಗಳು. ಕನ್ನಡದಲ್ಲಿ ಇಂಥ ಉಪಪದಗಳಿಲ್ಲ, ಆದ್ದರಿಂದ ನಮಗೆ ಅವು ಎಂದಿಗೂ ಹಿಡಿತಕ್ಕೆ ಸಿಗಲಾರವು ಎಂಬ ಮಾತನ್ನು ಅಧ್ಯಾಪಕರ ಬಾಯಿಂದಲೇ ಕೇಳಿದ್ದೇನೆ. ಮೊದಲರ್ಧ ನಿಜ, ಉತ್ತರಾರ್ಧ ಸರಿಯಲ್ಲ. ಉಪಪದವಿಲ್ಲದಿದ್ದರೂ ಅದು ಸೂಚಿಸುವ ಅರ್ಥಭೇದ ನಮ್ಮಲ್ಲಿ ಇದೆ. "ಪುಸ್ತಕ ಕೊಂಡೆ" ಎನ್ನುವುದಕ್ಕೂ "ಪುಸ್ತಕವನ್ನು ಕೊಂಡೆ" ಎನ್ನುವುದಕ್ಕೂ ಇರುವ ಅಂತರವನ್ನು ಗಮನಿಸಿ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ಮಾತಿಗೆ ಮೊದಲೇ ವಿಷಯವಾಗಿದ್ದ, ಕೇಳುಗನಿಗೂ ತಿಳಿದ ಪುಸ್ತಕ. ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬಹುದು ಎಂಬುದು ಕನ್ನಡದ ಮಗುವಿಗೂ ಗೊತ್ತು. "ಒಬ್ಬ ಹುಡುಗ ಬಂದ", "ಹುಡುಗ ಬಂದ" ಎಂಬಲ್ಲಿಯೂ ಅದೇ ವಿವೇಕ ಕೆಲಸಮಾಡುತ್ತದೆ. ಎಲ್ಲ ಸಂದರ್ಭಗಳಲ್ಲಿ ಇದು ಇಂಗ್ಲಿಷಿನ ನಿಯಮಕ್ಕೆ ಸರಿಹೊಂದಲಾರದು; ನಿರ್ಜೀವ ವಸ್ತುಗಳ ವಿಷಯದಲ್ಲಿ ಇರುವ ಸ್ವಾತಂತ್ರ್ಯ ಮನುಷ್ಯವಾಚಕಗಳಲ್ಲಿ ಇಲ್ಲ. ಆದರೂ ಅರ್ಥವು ಪರಿಚಿತವೆಂದು ತಿಳಿದ ಮೇಲೆ ರೂಪವನ್ನು ಕಲಿಯುವುದು ಬೇರೆ, ಅರ್ಥವೇ ಇಲ್ಲದ ಎರಡು ಅಕ್ಷರಗಳನ್ನು ಕಂಠಪಾಠ ಮಾಡುವುದು ಬೇರೆ. ನಮ್ಮ ಶಾಲೆಗಳಲ್ಲಿ ನಡೆಯುವುದು ಎರಡನೆಯದು. ಕನ್ನಡ ವ್ಯಾಕರಣವನ್ನೂ ಅಲ್ಲಿ ವಿಭಕ್ತಿಗಳ ಪಟ್ಟಿಯಾಗಿಯೇ ಕಲಿಸುವುದರಿಂದ, ತನ್ನ ಬಾಯಲ್ಲಿರುವ ಈ ಸೂಕ್ಷ್ಮ ವಿದ್ಯಾರ್ಥಿಗೆ ಅರಿವಿಗೆ ಬರುವುದೇ ಇಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ಒತ್ತದೆ ಅದರ ಸ್ವಭಾವದಿಂದಲೇ ನೋಡಬೇಕೆಂದು ಡಿ.ಎನ್. ಶಂಕರ ಭಟ್ಟರು ದೀರ್ಘಕಾಲದಿಂದ ವಾದಿಸಿದ್ದಾರೆ. ಅವರ ಪದಪ್ರಯೋಗಗಳನ್ನೂ ಲಿಪಿಸುಧಾರಣೆಯನ್ನೂ ಒಪ್ಪದವರೂ ಈ ಮೂಲವಾದವನ್ನು ತಳ್ಳಿಹಾಕಲಾರರು. ಹವ್ಯಕ ಕನ್ನಡ, ಕೊರಗ ಭಾಷೆಗಳನ್ನು ಕುರಿತು 1971ರಲ್ಲಿ ಹೊರಬಂದ ಅವರ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ನಮ್ಮ ಮನೆಮಾತುಗಳ ಶಾಸ್ತ್ರ ಇಂಗ್ಲಿಷಿನಲ್ಲಿ ಇರುವುದರ ವಿಪರ್ಯಾಸವನ್ನು ಇಲ್ಲಿ ಬೆಳೆಸುವುದಿಲ್ಲ.

ಕಾರ್ಯವಟ್ಟದಲ್ಲಿಯೂ ಕಳಮಶ್ಶೇರಿಯಲ್ಲಿಯೂ ಈಗ ವಿದೇಶಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಭಾರತ ಸರಕಾರದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದ ಮೇಲೆ ಆಫ್ರಿಕ, ಪಶ್ಚಿಮ ಏಷ್ಯಗಳಿಂದ ಬಂದ ಇವರೂ ನಮ್ಮ ವಿದ್ಯಾರ್ಥಿಯಂತೆಯೇ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕು. ಎಲ್ಲರಿಗೂ ಒಂದೇ ಗ್ರಾಮರ್ ಪುಸ್ತಕ, ಒಂದೇ ಕಮ್ಯುನಿಕೇಟಿವ್ ಇಂಗ್ಲಿಷ್ ತರಗತಿ ಎಂಬುದು ರೂಢಿ. ಆದರೆ ಅರಬ್ಬಿ ಮಾತೃಭಾಷೆಯವನಿಗೆ 'ಅಲ್' ಎಂಬ ನಿರ್ದೇಶಕ ಉಪಪದ ಹುಟ್ಟಿನಿಂದಲೇ ಬಂದಿದೆ. ಅವನು 'ದಿ' ಬೇಡದ ಕಡೆಯೂ ಹಚ್ಚುವ ಸಂಭವವಿದೆ. ಸ್ವಾಹಿಲಿಯಲ್ಲಿ ಉಪಪದವಿಲ್ಲ, ಅವನು ನಮ್ಮ ಸಾಲಿಗೆ ಸೇರಿದವನು. ಮಲೆಯಾಳಿಯೊಡನೆ ಹೋಲಿಸಿದರೂ ನಮ್ಮ ಸ್ಥಿತಿ ಬೇರೆ. ಮಲೆಯಾಳದ ಕ್ರಿಯಾಪದ ಪುರುಷ, ಲಿಂಗ, ವಚನಗಳನ್ನು ಅನುಸರಿಸಿ ಬದಲಾಗುವುದಿಲ್ಲ. ಬಂದವನು ನಾನಾದರೂ ನೀನಾದರೂ ಅವಳಾದರೂ ರೂಪ ಒಂದೇ. ಕನ್ನಡದಲ್ಲಿ ಬಂದೆನು, ಬಂದಳು, ಬಂದರು ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ. ಹಾಗಾಗಿ ಇಂಗ್ಲಿಷಿನ ವರ್ತಮಾನಕಾಲದಲ್ಲಿ ಪ್ರಥಮ ಪುರುಷ ಏಕವಚನಕ್ಕೆ ಹತ್ತುವ 'ಸ್' ಪ್ರತ್ಯಯದ ತರ್ಕ ಕನ್ನಡಿಗನಿಗೆ ಸುಲಭವಾಗಿ ಹೊಳೆಯಬೇಕು. ಹೊಳೆಯುವುದಿಲ್ಲವಾದರೆ ಅದನ್ನು ತೋರಿಸಿಕೊಟ್ಟವರಿಲ್ಲ ಎಂದೇ ಅರ್ಥ. ಒಂದೊಂದು ಭಾಷೆಯವನು ಒಂದೊಂದು ಕಡೆ ಎಡವುತ್ತಾನೆ. ಎಲ್ಲಿ ಎಡವುತ್ತಾನೆಂದು ಮೊದಲೇ ಹೇಳಬಲ್ಲವನು ಅವನ ಭಾಷೆಯನ್ನು ಬಲ್ಲವನು ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ವಾಕ್ಯದ ಮಟ್ಟದ ಸಂಗತಿ. ಇವುಗಳಿಂದ ಯಾರ ಪ್ರಬಂಧವೂ ಮುಳುಗಿಹೋಗುವುದಿಲ್ಲ. ನಿಜವಾದ ಅಪಾಯ ಇರುವುದು ನಮ್ಮ ಒಂದು ಪುಟ್ಟ ಅವ್ಯಯದಲ್ಲಿ, 'ಎಂದು' ಎಂಬುದರಲ್ಲಿ.

ಇಂಗ್ಲಿಷಿನಲ್ಲಿ ಪರರ ಮಾತನ್ನು ಹೇಳಲು ಎರಡು ದಾರಿಗಳು. ಒಂದು, ಉದ್ಧರಣ ಚಿಹ್ನೆಯ ಒಳಗೆ ಅವರ ಮಾತುಗಳನ್ನೇ ಇಡುವುದು. ಇನ್ನೊಂದು, ಸರ್ವನಾಮ ಕಾಲಗಳನ್ನು ಬದಲಿಸಿ, ತನ್ನ ಮಾತುಗಳಲ್ಲಿ ಅವರ ಅಭಿಪ್ರಾಯವನ್ನು ನಿರೂಪಿಸುವುದು. ಎರಡರ ನಡುವೆ ಗೋಡೆಯಿದೆ. ಕನ್ನಡದಲ್ಲಿ "ನಾನು ಬರುತ್ತೇನೆ ಎಂದರು" ಎಂಬಲ್ಲಿ ಅವರ ಬಾಯಿಯ ಮಾತೂ ಇದೆ, ನಮ್ಮ ನಿರೂಪಣೆಯೂ ಇದೆ. ಒಂದೇ 'ಎಂದು' ಎರಡನ್ನೂ ಹೊರುತ್ತದೆ. ಇದು ನಮ್ಮ ಭಾಷೆಯ ದೋಷವಲ್ಲ, ಒಂದು ಸೊಗಸೇ ಸರಿ. ನಮ್ಮ ಕಥನಗಳೂ ಪುರಾಣಪ್ರವಚನಗಳೂ ತಾಳಮದ್ದಳೆಯ ಅರ್ಥಗಾರಿಕೆಯೂ ಇದರ ಬಲದಿಂದಲೇ ಒಬ್ಬನ ಬಾಯಲ್ಲಿ ಹಲವರ ಮಾತನ್ನು ಆಡಿಸುತ್ತವೆ. ಆದರೆ ಈ ಅಭ್ಯಾಸದಿಂದ ಬಂದವನು ಇಂಗ್ಲಿಷ್ ಪುಸ್ತಕವೊಂದರಿಂದ ನಾಲ್ಕು ಸಾಲುಗಳನ್ನು ತೆಗೆದು, ಕೊನೆಯಲ್ಲಿ ಗ್ರಂಥಕರ್ತನ ಹೆಸರನ್ನು ಕಾಣಿಸಿ, ಉದ್ಧರಣ ಚಿಹ್ನೆಯಿಲ್ಲದೆ ಬರೆದಾಗ ತಾನು ಕಳವು ಮಾಡಿದೆನೆಂದು ಅವನಿಗೆ ಅನ್ನಿಸುವುದಿಲ್ಲ. ಅವನ ಮನಸ್ಸಿನಲ್ಲಿ ಅಲ್ಲೊಂದು 'ಎಂದು' ಇದೆ. ಕಾಗದದ ಮೇಲೆ ಅದು ಇಲ್ಲ.

ಮಾರ್ಗದರ್ಶಕರು ಅಂಚಿನಲ್ಲಿ ಗುರುತು ಮಾಡಿ ಬಿಟ್ಟರೆ ಮುಗಿಯುವಂಥ ಸಂಗತಿಯಾಗಿ ಇದು ಈಗ ಉಳಿದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಮಹಾಪ್ರಬಂಧದಲ್ಲಿ ಪರಕೃತಿಗಳೊಡನೆ ಕಾಣುವ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದನ್ನು ಮೀರಿ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಪರಿಷ್ಕೃತ ಪ್ರಬಂಧವನ್ನು ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಈ ನಿಯಮ ಅಗತ್ಯವಾದದ್ದೇ. ಉದ್ದೇಶಪೂರ್ವಕವಾಗಿ ಕದ್ದವರು ಬೇಕಾದಷ್ಟು ಜನರಿದ್ದಾರೆ. ಅವರ ಬಗ್ಗೆ ನನಗೆ ಕನಿಕರವಿಲ್ಲ. ಆದರೆ ಯಂತ್ರವು ಕಳ್ಳನನ್ನೂ 'ಎಂದು' ಮರೆತವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಐದು ವರ್ಷಗಳ ದುಡಿಮೆ, ಮನೆಯವರು ಬೀಡಿ ಕಟ್ಟಿಯೋ ಅಡಕೆ ಸುಲಿದೋ ಕಳಿಸಿದ ಹಣ, ಇವೆಲ್ಲ ಆ ತಕ್ಕಡಿಯಲ್ಲಿ ಕೂತಿರುತ್ತವೆ.

ಈ ವಿಷಯದಲ್ಲಿ ಕನ್ನಡ ವಿಭಾಗಗಳು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕನ್ನಡ ಮಹಾಪ್ರಬಂಧಗಳನ್ನೇ ತೆರೆದು ನೋಡೋಣ. "ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ", "ಎಂದು ಹೇಳಲಾಗಿದೆ", "ಎಂಬುದು ಸರ್ವವಿದಿತ" ಎಂಬ ವಾಕ್ಯಗಳು ಎಷ್ಟಿಲ್ಲ! ಯಾವ ವಿದ್ವಾಂಸರು? ಎಲ್ಲಿ ಹೇಳಿದ್ದಾರೆ? ಹೇಳಿದವರ ಮಾತು ಎಲ್ಲಿಗೆ ಮುಗಿಯಿತು, ಪ್ರಬಂಧಕಾರನ ಮಾತು ಎಲ್ಲಿಂದ ಆರಂಭವಾಯಿತು? 'ಹೇಳಲಾಗಿದೆ' ಎಂಬ ಕರ್ಮಣಿಯ ಚಾಳಿ ನಮಗೆ ಬಂದದ್ದು ಇಂಗ್ಲಿಷಿನ ಅನುಕರಣೆಯಿಂದ. ಇಂಗ್ಲಿಷಿನವರು ಅದರ ಜೊತೆಗೆ ಇಟ್ಟ ಅಡಿಟಿಪ್ಪಣಿಯನ್ನು ಮಾತ್ರ ನಾವು ದಾರಿಯಲ್ಲಿ ಬಿಟ್ಟು ಬಂದೆವು. ಸ್ನಾತಕೋತ್ತರ ತರಗತಿಗಳಲ್ಲಿ ಬರೆಸಿದ ಟಿಪ್ಪಣಿಗಳನ್ನು ಉರುಹೊಡೆದು ಉತ್ತರ ಬರೆಯುವವನಿಗೆ, ಯಾರ ಮಾತು ಯಾರದೆಂಬ ವಿವೇಕ ಕನ್ನಡದಲ್ಲಿಯೇ ಮೂಡದಿದ್ದರೆ, ಇಂಗ್ಲಿಷಿನಲ್ಲಿ ಮೂಡುವುದೆಂದು ನಿರೀಕ್ಷಿಸುವುದು ಅನ್ಯಾಯ.

ಇದರ ಬೆನ್ನಿಗೇ ಬರುವುದು ಗೌರವದ ಪ್ರಶ್ನೆ. ನಾವು ಹಿರಿಯ ವಿದ್ವಾಂಸರನ್ನು ಬಹುವಚನದಲ್ಲಿ ಕಾಣುತ್ತೇವೆ: ಪೈಯವರು, ತಿಮ್ಮಪ್ಪಯ್ಯನವರು, ಸೇಡಿಯಾಪು ಅವರು. ಇಂಗ್ಲಿಷಿನ ಶಾಸ್ತ್ರಬರಹದಲ್ಲಿ ಉಪನಾಮ ಮಾತ್ರ, ಅದೂ ಏಕವಚನದ ಕ್ರಿಯಾಪದದೊಡನೆ. 'ಕಿಟ್ಟೆಲ್ ಆರ್ಗ್ಯೂಸ್' ಎಂದು ಬರೆಯುವಾಗ ನಮ್ಮ ವಿದ್ಯಾರ್ಥಿಯ ಕೈ ಸಣ್ಣಗೆ ನಡುಗುತ್ತದೆ. ಅದರ ಮುಂದೆ 'ಬಟ್' ಎಂದು ಬರೆದು ಭಿನ್ನಮತವನ್ನು ಸೂಚಿಸುವುದಂತೂ ಇನ್ನೂ ಕಷ್ಟ. ಆದುದರಿಂದಲೇ ಪೂರ್ವಾಧ್ಯಯನಗಳ ಸಮೀಕ್ಷೆ ಎಂಬ ಅಧ್ಯಾಯವು ಹಿರಿಯರಿಗೆಲ್ಲ ಸಾಲಾಗಿ ನಮಸ್ಕಾರ ಮಾಡುವ ಪುಟಗಳಾಗಿಬಿಡುತ್ತದೆ. ಇಂಥವರು ಹೀಗೆಂದರು, ಇಂಥವರು ಹಾಗೆಂದರು, ಮುಗಿಯಿತು. ಮಾರ್ಗದರ್ಶಕರು ಇದನ್ನೂ ಭಾಷಾದೋಷವೆಂದೇ ಎಣಿಸಿ ಭಾಷೆಯನ್ನು ಸುಧಾರಿಸತಕ್ಕದ್ದೆಂದು ಬರೆಯುತ್ತಾರೆ!

ಭಿನ್ನಮತವು ನಮಗೆ ಹೊಸದಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸಿ ಅನಂತರ ಸಿದ್ಧಾಂತವನ್ನು ಹೇಳುವುದು ನಮ್ಮ ಶಾಸ್ತ್ರಗಳ ಪ್ರಾಚೀನ ಕ್ರಮ. ಮುಳಿಯ ತಿಮ್ಮಪ್ಪಯ್ಯನವರು 1938ರಲ್ಲಿ 'ನಾಡೋಜ ಪಂಪ'ವನ್ನು ಬರೆದದ್ದೂ, ಸೇಡಿಯಾಪು ಕೃಷ್ಣ ಭಟ್ಟರು ಛಂದಸ್ಸು, ಶಬ್ದಾರ್ಥಗಳನ್ನು ಕುರಿತು ಬರೆದದ್ದೂ ಈ ಕ್ರಮದ ಬಲವನ್ನು ತೋರಿಸುತ್ತವೆ. ಬಹುವಚನದ ಗೌರವವನ್ನು ಕಿಂಚಿತ್ತೂ ಬಿಡದೆ ಒಬ್ಬರ ಮತವನ್ನು ಬುಡಸಹಿತ ನಿರಾಕರಿಸುವ ಕಲೆ ಅಂಥವರ ಗದ್ಯದಲ್ಲಿದೆ. ಎಂ. ಚಿದಾನಂದಮೂರ್ತಿಗಳು 1966ರಲ್ಲಿ ಪ್ರಕಟಿಸಿದ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಆಧಾರವನ್ನೂ ಊಹೆಯನ್ನೂ ಬೇರೆ ಬೇರೆಯಾಗಿ ಇಡುವ ಶಿಸ್ತಿದೆ. ಈ ಗದ್ಯವನ್ನು ನಾವು ಅದರ ವಿಷಯಕ್ಕಾಗಿ ಓದಿಸುತ್ತೇವೆ. ವಾದವನ್ನು ಹೇಗೆ ಕಟ್ಟಿದ್ದಾರೆಂಬುದಕ್ಕಾಗಿ ಓದಿಸುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯ ಕೈಗೆ ಅದು ತಲುಪುವುದೇ ಇಲ್ಲ.

ಮಂಜೇಶ್ವರದ ಗೋವಿಂದ ಪೈಗಳ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ತಂದೆಯ ಮರಣದಿಂದಾಗಿ ಮದರಾಸಿನಲ್ಲಿ ಪದವಿಯನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದವರು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಂಶೋಧನ ಲೇಖನಗಳನ್ನು ಬರೆದರು. ಎ.ಕೆ. ರಾಮಾನುಜನ್ನರು ಅಮೆರಿಕೆಗೆ ಹೋಗುವ ಮೊದಲು ಕೊಲ್ಲಂನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷಿನಲ್ಲಿ ಮಹಾಪ್ರಬಂಧ ಬರೆದು, ತಮ್ಮ ಕಥೆ ಕಾದಂಬರಿಗಳನ್ನು ಕನ್ನಡದಲ್ಲಿಯೇ ಬರೆದ ಅನಂತಮೂರ್ತಿಯವರು 1987ರಿಂದ 1991ರವರೆಗೆ ಕೋಟ್ಟಯಂನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇವರ ಹೆಸರುಗಳನ್ನು ಹೇಳಿ ನೋಡಿರೆಂದು ವಿದ್ಯಾರ್ಥಿಗೆ ಉಪದೇಶಿಸುವುದು ಸುಲಭ, ನಿಷ್ಪ್ರಯೋಜಕವೂ ಹೌದು. ಪ್ರತಿಭಾವಂತರು ಹೇಗೋ ದಾಟುತ್ತಾರೆ. ವಿಭಾಗಗಳು ಇರುವುದು ಉಳಿದವರಿಗಾಗಿ.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು ತೀವ್ರವಾದದ್ದು: ಗಡಿನಾಡಿನಲ್ಲಿ ಕನ್ನಡ ಉಳಿಯುವುದೇ ದುಸ್ತರವಾಗಿರುವಾಗ ಕನ್ನಡ ವಿಭಾಗವು ಇಂಗ್ಲಿಷಿನ ಚಾಕರಿ ಮಾಡಬೇಕೇ? ಎಲ್ಲ ಶಾಸ್ತ್ರಗಳನ್ನೂ ಕನ್ನಡದಲ್ಲಿಯೇ ಬರೆಯುವಂತಾಗಬೇಕೆಂಬ ಆಶಯ ನನಗೂ ಇದೆ. ಆದರೆ 1971ರಲ್ಲಿ ತಿರುವನಂತಪುರದಲ್ಲಿ ವಿ.ಐ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ದ್ರಾವಿಡ ಭಾಷಾವಿಜ್ಞಾನ ಸಂಘ ಸ್ಥಾಪನೆಯಾದಾಗ, ಮರುವರ್ಷ ಅದರ ನಿಯತಕಾಲಿಕೆ ಆರಂಭವಾದಾಗ, ಕನ್ನಡಿಗರೂ ತಮಿಳರೂ ತೆಲುಗರೂ ಮಲೆಯಾಳಿಗಳೂ ತಂತಮ್ಮ ಭಾಷೆಗಳ ಬಗ್ಗೆ ಪರಸ್ಪರ ಮಾತನಾಡಿದ್ದು ಇಂಗ್ಲಿಷಿನಲ್ಲಿ. ಜಿ.ಎಸ್. ಗಾಯಿಯವರು ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು 1946ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರಿಂದ ಕನ್ನಡ ಬಡವಾಗಲಿಲ್ಲ. ಇಂಗ್ಲಿಷಿನಲ್ಲಿ ಸೋತವನು ಕನ್ನಡಕ್ಕೆ ಹಿಂದಿರುಗಿ ಬರುತ್ತಾನೆಂಬುದು ಭ್ರಮೆ. ಅವನು ತನ್ನ ಮಗುವನ್ನು ಆಂಗ್ಲಮಾಧ್ಯಮ ಶಾಲೆಗೆ ಸೇರಿಸುತ್ತಾನೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುವುದಕ್ಕೆ ಸರಕಾರವನ್ನು ದೂಷಿಸುವ ನಾವು ಈ ಕಾರಣವನ್ನೂ ಗಮನಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವಳು ತಿರುವನಂತಪುರದಲ್ಲಿ ಒಳ್ಳೆಯ ಪ್ರಬಂಧ ಬರೆದಳು ಎಂಬ ಒಂದು ಸುದ್ದಿ ಊರಿಗೆ ಮುಟ್ಟಿದರೆ ಅದರ ಪರಿಣಾಮ ಹತ್ತು ನಿರ್ಣಯಗಳಿಗಿಂತ ಹೆಚ್ಚು.

ಎರಡನೆಯ ಆಕ್ಷೇಪ ಭಾಷಾಬೋಧನೆಯನ್ನು ಬಲ್ಲವರದು. ವ್ಯಾಕರಣವನ್ನು ವಿವರಿಸಿ ಭಾಷೆಯನ್ನು ಕಲಿಸಲಾಗದು ಎಂಬುದನ್ನು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ನಡೆಸಿದ ಪ್ರಯೋಗದ ಆಧಾರದಿಂದ ವಾದಿಸಿದರು. ಶಾಲೆಯ ಮಕ್ಕಳಿಗೆ ರೈಲುಗಳ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಲೆಕ್ಕ ಬಿಡಿಸುವಂತೆ ಉತ್ತರ ಕಂಡುಹಿಡಿಯಲು ಹೇಳಿದರು; ಮನಸ್ಸು ಅರ್ಥದಲ್ಲಿ ತೊಡಗಿರುವಾಗ ರೂಪ ತಾನಾಗಿ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರ ನಿಲುವು. 1987ರಲ್ಲಿ ಪುಸ್ತಕವಾಗಿ ಬಂದ ಈ ವಿಚಾರವನ್ನು ಜಗತ್ತಿನ ಹಲವೆಡೆ ಚರ್ಚಿಸಿದರು. ಕನ್ನಡ ನಾಡಿನಲ್ಲಿ ನಡೆದ ಪ್ರಯೋಗವೆಂದು ನಮ್ಮ ಕನ್ನಡ ವಿಭಾಗಗಳು ಅದನ್ನು ಓದಿದಂತೆ ಕಾಣೆ. ಪ್ರಭು ಅವರ ಮಾತು ಮಕ್ಕಳ ವಿಷಯದಲ್ಲಿ ಬಹುಮಟ್ಟಿಗೆ ಸರಿಯೆಂದು ನನಗೂ ತೋರುತ್ತದೆ. ಆದರೆ ಇಪ್ಪತ್ತೈದು ವರ್ಷದ ಸಂಶೋಧಕಿಗೆ ಕಾಲಾವಕಾಶವಿಲ್ಲ. ಕಾರಣ ತಿಳಿದರೆ ತಿದ್ದಿಕೊಳ್ಳುವ ಪ್ರೌಢಿಮೆ ಇದೆ. ಅಲ್ಲದೆ ಅರ್ಥದ ಮೂಲಕವೇ ರೂಪಕ್ಕೆ ಹೋಗಬೇಕೆಂಬ ಅವರ ಸೂತ್ರವನ್ನು ನಾನು ನಿರಾಕರಿಸುತ್ತಿಲ್ಲ. ಆ ಅರ್ಥವು ವಿದ್ಯಾರ್ಥಿಯಲ್ಲಿ ಈಗಾಗಲೇ ಕನ್ನಡದ ರೂಪದಲ್ಲಿ ಇದೆ, ಅಲ್ಲಿಂದ ಹೊರಡೋಣ ಎನ್ನುತ್ತಿದ್ದೇನೆ.

ಇತ್ತೀಚೆಗೆ ಮೂರನೆಯ ಮಾತೊಂದು ಕೇಳಿಬರುತ್ತಿದೆ: ಇದನ್ನೆಲ್ಲ ಈಗ ಕಂಪ್ಯೂಟರೇ ತಿದ್ದುತ್ತದಲ್ಲ! ನಿಜ, ಬಿಟ್ಟುಹೋದ 'ದಿ'ಯನ್ನು ಅದು ಕ್ಷಣದಲ್ಲಿ ಹಚ್ಚುತ್ತದೆ. ವಾಕ್ಯವನ್ನು ನಯಗೊಳಿಸಿಯೂ ಕೊಡುತ್ತದೆ. ಆದರೆ ಸಂದರ್ಶನದಲ್ಲಿ ಹೆಂಗಸೊಬ್ಬಳು ಹೇಳಿದ ಮಾತು ಎಲ್ಲಿಗೆ ಮುಗಿದು ಸಂಶೋಧಕಿಯ ಊಹೆ ಎಲ್ಲಿಂದ ತೊಡಗುತ್ತದೆ ಎಂಬುದು ಬರೆದವಳಿಗೇ ಸ್ಪಷ್ಟವಿಲ್ಲದಿದ್ದರೆ ಯಂತ್ರಕ್ಕೆ ತಿಳಿಯುವುದು ಹೇಗೆ? ಅಸ್ಪಷ್ಟತೆಯನ್ನೂ ಅದು ಅಚ್ಚುಕಟ್ಟಾದ ಇಂಗ್ಲಿಷಿಗೆ ತಿರುಗಿಸುತ್ತದೆ. ಕೆಂಪು ಶಾಯಿಯ ಕಾಲದಲ್ಲಿ ಒರಟು ಭಾಷೆಯಿಂದಾದರೂ ತೊಡಕು ಎಲ್ಲಿದೆಯೆಂದು ಗೊತ್ತಾಗುತ್ತಿತ್ತು.

ಹಾಗಾದರೆ ಕನ್ನಡ ವಿಭಾಗಗಳು ಮಾಡಬೇಕಾದದ್ದೇನು? ದೊಡ್ಡ ಯೋಜನೆಯೇನೂ ಬೇಕಿಲ್ಲ. ಕಾಸರಗೋಡಿನ ಕಾಲೇಜಿನಲ್ಲಿಯೋ ಪೆರಿಯದಲ್ಲಿಯೋ, ಕನ್ನಡೇತರ ವಿಷಯಗಳ ಕನ್ನಡ ವಿದ್ಯಾರ್ಥಿಗಳಿಗೂ ತೆರೆದಿರುವ ಒಂದು ಪತ್ರಿಕೆ ಸಾಕು. ಅದರಲ್ಲಿ ಮೊದಲು ಕನ್ನಡದಲ್ಲಿಯೇ 20 ಪುಟಗಳ ಲೇಖನವೊಂದನ್ನು 1 ಪುಟಕ್ಕೆ, ಮೂಲದ ಒಂದು ವಾಕ್ಯವನ್ನೂ ಎತ್ತಿಕೊಳ್ಳದೆ, ಇಳಿಸುವ ಅಭ್ಯಾಸ. ಇದು ಕಾಣುವಷ್ಟು ಸುಲಭವಲ್ಲ. ಅಧ್ಯಾಪಕರೇ ಒಮ್ಮೆ ಮಾಡಿ ನೋಡಬಹುದು. ಅನಂತರ ಇಬ್ಬರು ವಿದ್ವಾಂಸರ ಭಿನ್ನಮತಗಳನ್ನು ನಿರೂಪಿಸಿ, ತನ್ನ ನಿಲುವನ್ನು ಕಾರಣಸಹಿತ ಹೇಳುವುದು. ಆಮೇಲೆ ಅದೇ ಪುಟವನ್ನು ಇಂಗ್ಲಿಷಿಗೆ ತರುವುದು. ಎಲ್ಲೆಲ್ಲಿ ಕನ್ನಡದ ವಾಕ್ಯ ಬಗ್ಗುವುದಿಲ್ಲವೋ ಅಲ್ಲಲ್ಲಿ ನಿಂತು ಎರಡೂ ವ್ಯಾಕರಣಗಳನ್ನು ಪಕ್ಕಪಕ್ಕದಲ್ಲಿ ನೋಡುವುದು. ಇಂಗ್ಲಿಷ್ ವಿಭಾಗದವರನ್ನು ಕರೆದು ಜೊತೆಗೆ ಕೂರಿಸಿಕೊಳ್ಳಬೇಕು. ಕಿಟ್ಟೆಲ್ಲರು 1903ರಲ್ಲಿ ಇಂಗ್ಲಿಷ್ ಬಲ್ಲವರಿಗಾಗಿ ಕನ್ನಡದ ವ್ಯಾಕರಣವನ್ನು ಬರೆದರು. ಕನ್ನಡ ಬಲ್ಲ ಸಂಶೋಧಕನಿಗಾಗಿ ಇಂಗ್ಲಿಷಿನ ವಾಕ್ಯವನ್ನು ವಿವರಿಸುವ ಅಂಥದೇ ಒಂದು ಗ್ರಂಥವನ್ನು ನಾನು ಯಾವ ವಿದ್ಯಾರ್ಥಿಯ ಮೇಜಿನ ಮೇಲೂ ಕಂಡಿಲ್ಲ. ಶೇಷಶಬ್ದಗಳ ಪಟ್ಟಿ, ದೊರೆಯದ ಕಾವ್ಯದ ಕಾಲನಿರ್ಣಯ ಮೊದಲಾದ ವಿಷಯಗಳಿಗೆ ಪದವಿ ಕೊಡುವ ನಾವು ಇಂಥದೊಂದನ್ನು ಸಂಶೋಧನ ವಿಷಯವಾಗಿ ಕೊಡಬಾರದೇಕೆ?

ಆ ವಿದ್ಯಾರ್ಥಿನಿಯ ಕರಡಿನ ಕತೆಯನ್ನು ಅರ್ಧಕ್ಕೆ ಬಿಟ್ಟೆ. ರಜೆಯ ಉಳಿದ ದಿನಗಳಲ್ಲಿ ನಾವು ಮಾಡಿದ್ದಿಷ್ಟೆ: ಇಂಗ್ಲಿಷ್ ಪುಟಗಳನ್ನು ಬದಿಗಿಟ್ಟು, ಆ ಅಧ್ಯಾಯದಲ್ಲಿ ತಾನು ಏನನ್ನು ಹೇಳಹೊರಟಿದ್ದೇನೆಂಬುದನ್ನು ಆಕೆ ಕನ್ನಡದಲ್ಲಿ ಬರೆದಳು. ನಾಲ್ಕು ಪುಟಗಳಾದವು. ಅವುಗಳಲ್ಲಿ ಅಜ್ಜಿಯ ಮಾತು ಎಲ್ಲಿದೆ, ಪುಸ್ತಕದ್ದು ಎಲ್ಲಿದೆ, ತನ್ನದು ಎಲ್ಲಿದೆ ಎಂದು ಬೇರೆ ಬೇರೆ ಬಣ್ಣದ ಪೆನ್ನುಗಳಿಂದ ಗುರುತಿಸೆಂದೆ. ತನ್ನದೆಂದು ಗುರುತಿಸಿದ ಸಾಲುಗಳು ಏಳು. ಅವನ್ನು ಮತ್ತೆ ಮತ್ತೆ ಓದಿ, "ಇಷ್ಟೇ ಅಲ್ಲ ಸರ್, ಇನ್ನೂ ಇದೆ" ಎಂದು ಇನ್ನೊಂದು ಹಾಳೆ ತೆಗೆದಳು. ಭಾನುವಾರ ಸಂಜೆಯ ಮಾವೇಲಿಯಲ್ಲಿ ಅವಳು ಹೊರಟಾಗ ಆ ಹಾಳೆಗಳು ಕನ್ನಡದಲ್ಲಿಯೇ ಇದ್ದವು. ಇಂಗ್ಲಿಷಿಗೆ ತರುವ ಕೆಲಸ ಇನ್ನೂ ಬಾಕಿಯಿತ್ತು.